ನೇಕಾರನ ಮಗ ಟಾಮ್ ಮಾರಿಸ್

ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸೇಂಟ್ ಆಂಡ್ರೂಸ್ ಪಟ್ಟಣದಲ್ಲಿ, 1821ರ ಜೂನ್ ತಿಂಗಳಲ್ಲಿ, ಕೈಮಗ್ಗದ ನೇಕಾರನೊಬ್ಬನ ಮಗನಾಗಿ ಜನಿಸಿದ ಟಾಮ್ ಮಾರಿಸನು ಗಾಲ್ಫ್ ಆಟವನ್ನು ಜೀವನೋಪಾಯವಾಗಿ ಅವಲಂಬಿಸಿದವರಲ್ಲಿ ಮೊದಲಿಗನಲ್ಲ. ಆದರೆ ಆ ವೃತ್ತಿಗೆ ನೆಲೆಯನ್ನೂ ಮರ್ಯಾದೆಯನ್ನೂ ತಂದುಕೊಟ್ಟವರಲ್ಲಿ ಆತನಿಗೆ ಸಮಾನರಾದವರನ್ನು ನಾನು ಕಾಣೆ. ಅಂದಿನ ವೃತ್ತಿಗಾರನು ಮೊದಲು ಕುಶಲಕರ್ಮಿ, ಅನಂತರವೇ ಆಟಗಾರ. ಚೆಂಡು ಹೊಲಿಯುವುದು, ದಾಂಡುಗಳನ್ನು ರಿಪೇರಿ ಮಾಡುವುದು, ಶ್ರೀಮಂತರ ದಾಂಡುಗಳನ್ನು ಕಂಕುಳಲ್ಲಿ ಇರುಕಿಕೊಂಡು ಅವರ ಹಿಂದೆ ನಡೆಯುವುದು, ಅವರು ಪಣವೊಡ್ಡಿದಾಗ ಅವರ ಪರವಾಗಿ ಆಡುವುದು, ಇವೆಲ್ಲವೂ ಆತನ ಪಾಲಿನ ಕೆಲಸಗಳೇ ಆಗಿದ್ದುವು.

ಹದಿಹರೆಯದಲ್ಲಿಯೇ ಟಾಮನು ಅಲನ್ ರಾಬರ್ಟ್‌ಸನ್ನನ ಬಳಿ ಕೆಲಸ ಕಲಿಯಲು ಸೇರಿದನು. ರಾಬರ್ಟ್‌ಸನ್ನನು ಆ ಕಾಲದ ಅಗ್ರಗಣ್ಯ ಆಟಗಾರನೂ ಹೌದು, ಗರಿಯ ಚೆಂಡುಗಳ ತಯಾರಿಕೆಯಲ್ಲಿ ಹೆಸರಾಂತವನೂ ಹೌದು. ಆ ಚೆಂಡಿನ ತಯಾರಿಕೆಯಾದರೋ ಮೈಮುರಿಯುವ ದುಡಿಮೆ. ಪಟಿಕದ ನೀರಿನಲ್ಲಿ ಹದಗೊಳಿಸಿದ ಚರ್ಮದ ತುಂಡುಗಳನ್ನು ಮೇಣದ ದಾರದಿಂದ ಹೊಲಿದು, ಒಳಮೈಯನ್ನು ಹೊರಕ್ಕೆ ಮಗುಚಿ, ಹೊಲಿಯದೆ ಉಳಿಸಿಕೊಂಡ ಕಿರುಗಂಡಿಯ ಮೂಲಕ, ಬೇಯಿಸಿ ಮೆತ್ತಗಾಗಿಸಿದ ಗರಿಗಳನ್ನು ಕಬ್ಬಿಣದ ಸಲಾಕೆಯಿಂದ ತುರುಕಬೇಕು; ಎತ್ತರದ ಟೋಪಿಯೊಂದನ್ನು ತುಂಬುವಷ್ಟು ಗರಿಯು ಮುಷ್ಟಿಯಲ್ಲಡಗುವ ಚೆಂಡಿನೊಳಗೆ ಸೇರಬೇಕು; ತೋಳಿನ ಬಲ ಸಾಲದಾದಾಗ ಸಲಾಕೆಯ ಹಿಡಿಯನ್ನು ಎದೆಗೆ ಆನಿಸಿಕೊಂಡು ಮೈಭಾರವನ್ನೆಲ್ಲ ಅದರ ಮೇಲೆ ಬಿಡಬೇಕು. ಒಣಗುವಾಗ ಚರ್ಮವು ಕುಗ್ಗಿ, ಗರಿಯು ಹಿಗ್ಗಿ, ಚೆಂಡು ಗಟ್ಟಿಯಾಗುತ್ತಿತ್ತು. ನುರಿತ ಕೆಲಸಗಾರನೂ ದಿನಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಚೆಂಡುಗಳನ್ನು ಮಾಡಲಾರದೆ ಹೋಗುತ್ತಿದ್ದನು; ಮಾಡಿದವಾದರೂ ಮಳೆಯಲ್ಲಿ ನೆನೆದರೆ ಬೇಗನೆ ಹಾಳಾಗುತ್ತಿದ್ದುವು.

1848ರ ವೇಳೆಗೆ ಮಲಯದ ಮರವೊಂದರ ಅಂಟಿನಿಂದ ಮಾಡಿದ ಗಟಾಪರ್ಚಾ ಚೆಂಡು ಬಂದಿತು. ಅದು ಅಗ್ಗ, ನೀರಿಗೆ ಅಂಜದ್ದು, ಅಚ್ಚಿನಲ್ಲಿ ಒತ್ತಿದರೆ ಸಿದ್ಧವಾಗುವಂಥದು. ತನ್ನ ಕಸುಬಿಗೆ ಸಂಚಕಾರ ಬಂದಿತೆಂದು ರಾಬರ್ಟ್‌ಸನ್ನನು ಕಳವಳಗೊಂಡುದು ಸಹಜವೇ, ಅಂಥ ಸಮಯದಲ್ಲಿ ಶಿಷ್ಯನೇ ಆ ಹೊಸ ಚೆಂಡಿನಿಂದ ಆಡಿದುದನ್ನು ಅರಿತು ಆತನು ಸಿಟ್ಟಾದನು, ಇಬ್ಬರೂ ಬೇರೆಯಾದರು. ಗುರುವಿನ ದುಃಖವು ನನಗೆ ಅರ್ಥವಾಗುತ್ತದೆ. ಆದರೂ ಕಾಲದ ಗತಿಯನ್ನು ಸರಿಯಾಗಿ ಗ್ರಹಿಸಿದವನು ಶಿಷ್ಯನೆಂಬುದರಲ್ಲಿ ಸಂದೇಹವಿಲ್ಲ.

1851ರಲ್ಲಿ ಟಾಮನು ಪಶ್ಚಿಮ ತೀರದ ಪ್ರೆಸ್ಟ್‌ವಿಕ್ಕಿಗೆ ಮೈದಾನಪಾಲಕನಾಗಿ ಹೋಗಿ, ಅಲ್ಲಿ 12 ಕುಳಿಗಳ ಮೈದಾನವನ್ನು ರೂಪಿಸಿದನು. 1860ರ ಅಕ್ಟೋಬರ್‌ನಲ್ಲಿ ಎಂಟು ಮಂದಿ ವೃತ್ತಿಗಾರರು ಅದೇ ಮೈದಾನವನ್ನು ಒಂದೇ ದಿನದಲ್ಲಿ ಮೂರು ಬಾರಿ ಸುತ್ತಿ ಆಡಿದ ಪಂದ್ಯವೇ ಮುಂದೆ ಜಗದ್ವಿಖ್ಯಾತವಾದ ಓಪನ್ ಪಂದ್ಯಾವಳಿಯ ಆರಂಭ. ಗೆದ್ದವನಿಗೆ ಬೆಳ್ಳಿಯ ಬಿಲ್ಲೆಯ ಕೆಂಪು ಚರ್ಮದ ಪಟ್ಟಿ, ಹಣವಿಲ್ಲ. ವಿಲ್ಲಿ ಪಾರ್ಕನು 174 ಹೊಡೆತಗಳಲ್ಲಿ ಗೆದ್ದನು; ಟಾಮನು ಎರಡು ಹೊಡೆತಗಳಿಂದ ಹಿಂದುಳಿದನು. ಅನಂತರ 1861, 1862, 1864, 1867ರಲ್ಲಿ ಆತನೇ ವಿಜಯಿ. ಕೊನೆಯ ಸಲ ಗೆದ್ದಾಗ ಆತನ ವಯಸ್ಸು 46. ಅಷ್ಟು ಹಿರಿಯ ವಯಸ್ಸಿನಲ್ಲಿ ಆ ಪಂದ್ಯವನ್ನು ಇಂದಿಗೂ ಮತ್ತೊಬ್ಬರು ಗೆದ್ದಿಲ್ಲ. ಮರುವರ್ಷ ತಂದೆಯನ್ನು ಎರಡನೆಯ ಸ್ಥಾನಕ್ಕೆ ತಳ್ಳಿ ಗೆದ್ದವನು 17 ವರ್ಷದ ಮಗ ಟಾಮಿ. ಸತತವಾಗಿ ಮೂರು ವರ್ಷ ಗೆದ್ದ ಆ ಹುಡುಗನಿಗೆ ಪಟ್ಟಿಯು ಶಾಶ್ವತವಾಗಿ ಸಂದಿತು.

ಈ ಸಂತೋಷವು ಬಹುಕಾಲ ನಿಲ್ಲಲಿಲ್ಲ. 1875ರ ಸೆಪ್ಟೆಂಬರ್‌ನಲ್ಲಿ ತಂದೆ ಮಕ್ಕಳಿಬ್ಬರೂ ನಾರ್ತ್ ಬೆರಿಕ್ಕಿನಲ್ಲಿ ಪಾರ್ಕ್ ಸಹೋದರರೊಡನೆ ಆಡುತ್ತಿದ್ದಾಗ, ಟಾಮಿಯ ಹೆಂಡತಿಗೆ ಹೆರಿಗೆಯ ಸಂಕಟವೆಂದು ತಂತಿ ಬಂದಿತು. ದೋಣಿಯೇರಿ ಕೊಲ್ಲಿಯನ್ನು ದಾಟಿ ಮನೆ ಸೇರುವಷ್ಟರಲ್ಲಿ ತಾಯಿಯೂ ಕೂಸೂ ತೀರಿಹೋಗಿದ್ದರು. ಅದೇ ವರ್ಷದ ಕ್ರಿಸ್‌ಮಸ್ ದಿನ, 24ನೆಯ ವಯಸ್ಸಿನಲ್ಲಿ, ಟಾಮಿಯೂ ಮೃತನಾದನು. ಮಡದಿಯೂ, ಉಳಿದ ಮಕ್ಕಳೆಲ್ಲರೂ ಮುಂದೆ ಒಬ್ಬೊಬ್ಬರಾಗಿ ಈ ಮುದುಕನಿಗಿಂತ ಮೊದಲೇ ಹೋದರು.

ದುಃಖದ ನಡುವೆಯೂ ಆತನು ಕೈಬಿಡದೆ ಹಿಡಿದುದು ನೆಲದ ಕೆಲಸ. 1865ರಲ್ಲಿ, ವರ್ಷಕ್ಕೆ 50 ಪೌಂಡುಗಳ ಸಂಬಳದ ಮೇಲೆ, ಆತನು ಸೇಂಟ್ ಆಂಡ್ರೂಸಿಗೆ ಮೈದಾನಪಾಲಕನಾಗಿ ಹಿಂದಿರುಗಿದ್ದನು. ಮುಳ್ಳುಪೊದೆಗಳನ್ನು ಸವರಿ ಮೈದಾನವನ್ನು ಅಗಲಗೊಳಿಸಿದನು; ಸವೆದ ಹುಲ್ಲಿನ ಮೇಲೆ ಮರಳು ಎರಚಿದರೆ ಅದು ಮತ್ತೆ ಚಿಗುರುವುದೆಂಬುದನ್ನು ಕಂಡುಕೊಂಡು ಅದನ್ನು ನಿತ್ಯದ ಆರೈಕೆಯಾಗಿಸಿದನು; ಭಾನುವಾರ ಆಟಗಾರರಿಗೆ ವಿಶ್ರಾಂತಿ ಬೇಡವಾದರೂ ನೆಲಕ್ಕೆ ಬೇಕೆಂದು ಸಾಧಿಸಿದನು. ಐರ್ಲೆಂಡಿನ ಕಡಲತೀರದವರೆಗೂ ಕರೆಗಳು ಬಂದುವು. ಆತನು ಹೋಗಿ ಮೈದಾನಗಳನ್ನು ಗುರುತಿಸಿ ಕೊಟ್ಟನು. ನಾಲ್ಕು ಸಲ ಓಪನ್ ಗೆದ್ದುದಕ್ಕಿಂತಲೂ ಈ ಮಣ್ಣಿನ ವಿದ್ಯೆಯೇ ಆತನ ಹಿರಿಯ ಸಾಧನೆಯೆಂದು ನಾನು ಭಾವಿಸುತ್ತೇನೆ. ಇಂದು ಎಲ್ಲಿ ಗಾಲ್ಫ್ ಮೈದಾನಕ್ಕೆ ಮರಳು ಹರಡಿದರೂ ಅದು ಆತನು ರೂಢಿಗೆ ತಂದ ಆರೈಕೆಯೇ. 1903ರಲ್ಲಿ ಕೆಲಸದಿಂದ ನಿವೃತ್ತನಾಗಿ, 1908ರ ಮೇ ತಿಂಗಳಲ್ಲಿ, ಮೆಟ್ಟಿಲಿನಿಂದ ಬಿದ್ದು ಆತನು ತೀರಿಕೊಂಡನು. ಸೇಂಟ್ ಆಂಡ್ರೂಸಿನ ಹಳೆಯ ಮೈದಾನದ 18ನೆಯ ಕುಳಿಗೆ ಇಂದಿಗೂ ಆತನ ಹೆಸರೇ ಇದೆ.