ನಿಷ್ಕ್ರಿಯ ಸೌರ ಮನೆ

ಹೀಟರ್, ಏ.ಸಿ., ಪಂಪುಗಳನ್ನು ನೆಚ್ಚಿಕೊಳ್ಳದೆ, ದಿಕ್ಕು, ಗೋಡೆ, ಕಿಟಕಿ, ಚಾವಣಿಗಳ ಹೊಂದಾಣಿಕೆಯಿಂದಲೇ ಬಿಸಿಲಿನ ಶಾಖವನ್ನು ಬೇಕಾದಾಗ ಒಳಗೆ ಬಿಟ್ಟುಕೊಂಡು ಬೇಡವಾದಾಗ ಹೊರಗೇ ತಡೆಯುವಂತೆ ಕಟ್ಟಿದ ಮನೆ. ಪ್ಯಾಸಿವ್ ಸೋಲಾರ್ ಮನೆ ಎಂಬ ಹೆಸರೂ ಬಳಕೆಯಲ್ಲಿದೆ. ತಾರಸಿಯ ಮೇಲೆ ಸೌರಫಲಕ ಕೂಡಿಸಿದ ಮಾತ್ರಕ್ಕೆ ಮನೆ ಈ ವರ್ಗಕ್ಕೆ ಸೇರುವುದಿಲ್ಲ. ಇಲ್ಲಿ ಶಾಖವನ್ನು ಹಿಡಿಯುವ, ಕೂಡಿಡುವ, ಹಂಚುವ ಸಾಧನ ಮನೆಯೇ. ಫಲಕವನ್ನು ಯಾವಾಗ ಬೇಕಾದರೂ ಹಾಕಿಸಬಹುದು; ಮನೆಯ ದಿಕ್ಕನ್ನು ಪಾಯ ತೋಡಿದ ಮೇಲೆ ಬದಲಿಸಲಾಗದು. ಆದ್ದರಿಂದ ಇದರ ಮುಖ್ಯ ತೀರ್ಮಾನಗಳೆಲ್ಲ ನಕ್ಷೆಯ ಹಂತದಲ್ಲೇ ಆಗಬೇಕು.

ತತ್ವ

ಕರ್ಕಾಟಕ ಸಂಕ್ರಾಂತಿ ವೃತ್ತಕ್ಕಿಂತ ಉತ್ತರಕ್ಕಿರುವ ಊರುಗಳಲ್ಲಿ ನಡುಹಗಲಿನ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ಚಳಿಗಾಲದಲ್ಲಿ ಅವನ ಹಾದಿ ತಗ್ಗು, ಬೇಸಿಗೆಯಲ್ಲಿ ಎತ್ತರ. ಲಡಾಖಿನ ಲೇಹ್‌ನಲ್ಲಿ ಡಿಸೆಂಬರ್ ಕೊನೆಯ ಮಧ್ಯಾಹ್ನ ಸೂರ್ಯ ದಿಗಂತದಿಂದ ಸುಮಾರು 32 ಡಿಗ್ರಿ ಮೇಲಿದ್ದರೆ ಜೂನ್ ಕೊನೆಯಲ್ಲಿ 79 ಡಿಗ್ರಿ ಮೇಲಿರುತ್ತಾನೆ. ಅಲ್ಲಿ ದಕ್ಷಿಣದ ಕಿಟಕಿಯ ಮೇಲೆ 60 ಸೆಂ.ಮೀ. ಸಜ್ಜಾ ಇಟ್ಟರೆ ಜೂನ್ ಮಧ್ಯಾಹ್ನ ಕಿಟಕಿಯಷ್ಟೇ ಅಲ್ಲ, ಅದರ ಕೆಳಗಿನ ಗೋಡೆಯೂ ನೆರಳಿನಲ್ಲಿರುತ್ತದೆ. ಡಿಸೆಂಬರಿನಲ್ಲಿ ನೆರಳು ಬೀಳುವುದು ಮೇಲಿನ 38 ಸೆಂ.ಮೀ.ಗೆ ಮಾತ್ರ, ಅದರ ಕೆಳಗಿನ ಗಾಜಿನಿಂದ ಬಿಸಿಲು ನೆಲದವರೆಗೂ ಬರುತ್ತದೆ.

ಗಾಜು ಬಿಸಿಲನ್ನು ಒಳಬಿಡುತ್ತದೆ. ಕಾದ ನೆಲ, ಗೋಡೆಗಳು ಹೊರಸೂಸುವ ದೀರ್ಘ ತರಂಗದ ಅವಕೆಂಪು ಕಿರಣಗಳನ್ನು ಅಷ್ಟು ಸುಲಭವಾಗಿ ಹೊರಬಿಡುವುದಿಲ್ಲ. ಹಗಲಿನ ಶಾಖ ರಾತ್ರಿಗೂ ಉಳಿಯಬೇಕಾದರೆ ಮಣ್ಣು, ಕಲ್ಲು, ಕಾಂಕ್ರೀಟಿನಂಥ ತೂಕದ ವಸ್ತು ಒಳಗಿರಬೇಕು. ನೀರು ಒಂದೇ ಗಾತ್ರದ ಕಾಂಕ್ರೀಟಿಗಿಂತ ಸುಮಾರು ಎರಡರಷ್ಟು ಶಾಖ ಹಿಡಿಯುತ್ತದೆ. ಕೂಡಿಟ್ಟ ಶಾಖ ಸೋರಿಹೋಗದಂತೆ ಚಾವಣಿ ಮತ್ತು ಉತ್ತರದ ಗೋಡೆಗೆ ಉಷ್ಣನಿರೋಧಕ ಪದರ ಬೇಕು. ದಿಕ್ಕು, ಗಾಜು, ತೂಕ, ನಿರೋಧಕ, ನೆರಳು ಎಂಬ ಐದರಲ್ಲಿ ಒಂದು ತಪ್ಪಿದರೂ ಉಳಿದವುಗಳ ಫಲ ಕುಗ್ಗುತ್ತದೆ.

ಚರಿತ್ರೆ

ದಕ್ಷಿಣಕ್ಕೆ ಮುಖಮಾಡಿದ ಮನೆಯೊಳಗೆ ಚಳಿಗಾಲದ ಬಿಸಿಲು ಬರುತ್ತದೆ, ಬೇಸಿಗೆಯಲ್ಲಿ ನೆರಳು ಸಿಗುತ್ತದೆ ಎಂಬ ಸಾಕ್ರೆಟಿಸನ ವಿಚಾರವನ್ನು ಗ್ರೀಕ್ ಲೇಖಕ ಕ್ಸೆನೊಫೊನ್ ದಾಖಲಿಸಿದ್ದಾನೆ. ಗಾಜಿನ ಹಿಂದೆ ಕಪ್ಪು ಮೈಯನ್ನಿಟ್ಟು ಕೋಣೆಯ ಗಾಳಿ ಬಿಸಿಮಾಡುವ ವಿಧಾನಕ್ಕೆ ಅಮೆರಿಕದ ಎಡ್ವರ್ಡ್ ಮೋರ್ಸ್ 1881ರಲ್ಲಿ ಪೇಟೆಂಟ್ ಪಡೆದ. ವಾಸ್ತುಶಿಲ್ಪಿ ಜಾರ್ಜ್ ಫ್ರೆಡ್ ಕೆಕ್ 1940ರಲ್ಲಿ ಇಲಿನಾಯ್ ರಾಜ್ಯದಲ್ಲಿ ಕಟ್ಟಿದ ಸ್ಲೋನ್ ಮನೆ ಆಧುನಿಕ ಸೌರ ಮನೆಗಳಲ್ಲಿ ಮೊದಲ ಸಾಲಿನದು. ಫ್ರಾನ್ಸಿನ ಫೆಲಿಕ್ಸ್ ಟ್ರೋಂಬ್ ಮತ್ತು ವಾಸ್ತುಶಿಲ್ಪಿ ಜಾಕ್ ಮಿಶೆಲ್ 1967ರಲ್ಲಿ ಒಡೆಯೊದಲ್ಲಿ ಕಟ್ಟಿದ ಮನೆಯಿಂದ ಟ್ರೋಂಬ್ ಗೋಡೆ ಹೆಸರಾಯಿತು. 1973ರ ತೈಲ ಬಿಕ್ಕಟ್ಟಿನ ನಂತರ ಈ ವಿನ್ಯಾಸದತ್ತ ಹಲವು ದೇಶಗಳ ಗಮನ ಹರಿಯಿತು.

ವಿಧಗಳು

ನೇರ ಗಳಿಕೆ: ದಕ್ಷಿಣದ ದೊಡ್ಡ ಕಿಟಕಿಯಿಂದ ಬಿಸಿಲು ಕೋಣೆಗೇ ಬಂದು ನೆಲ, ಗೋಡೆಗಳನ್ನು ಕಾಯಿಸುತ್ತದೆ. ಖರ್ಚು ಕಡಿಮೆ, ಆದರೆ ಕಣ್ಣು ಕುಕ್ಕುವ ಬೆಳಕು ಬರುತ್ತದೆ; ರಾತ್ರಿ ದಪ್ಪ ಪರದೆ ಎಳೆಯದಿದ್ದರೆ ಗಾಜಿನಿಂದಲೇ ಶಾಖ ಹೊರಗೆ ಹೋಗುತ್ತದೆ.

ಟ್ರೋಂಬ್ ಗೋಡೆ: 30ರಿಂದ 40 ಸೆಂ.ಮೀ. ದಪ್ಪದ ಗೋಡೆಗೆ ಹೊರಗಡೆ ಕಪ್ಪು ಬಳಿದು, ಕೆಲವು ಸೆಂ.ಮೀ. ಅಂತರ ಬಿಟ್ಟು ಗಾಜು ಹೊದಿಸುತ್ತಾರೆ. ಶಾಖ ಗೋಡೆಯನ್ನು ದಾಟಿ ಕೋಣೆ ಮುಟ್ಟಲು ಹಲವು ಗಂಟೆ ಹಿಡಿಯುವುದರಿಂದ ಮಧ್ಯಾಹ್ನದ ಬಿಸಿಲು ರಾತ್ರಿ ಮಲಗುವ ಹೊತ್ತಿಗೆ ಒದಗುತ್ತದೆ. ಗೋಡೆಯ ಮೇಲೆ, ಕೆಳಗೆ ಕಿಂಡಿಗಳಿದ್ದರೆ ಹಗಲಿನಲ್ಲೂ ಬಿಸಿಗಾಳಿ ಒಳಗೆ ಸುತ್ತುತ್ತದೆ. ರಾತ್ರಿ ಅವನ್ನು ಮುಚ್ಚಬೇಕು. ಮರೆತರೆ ಗಾಳಿ ತಿರುಗಿ ಹರಿದು ಕೋಣೆ ತಣ್ಣಗಾಗುತ್ತದೆ.

ಗಾಜಿನ ಪಡಸಾಲೆ: ಮನೆಯ ದಕ್ಷಿಣಕ್ಕೆ ಅಂಟಿಕೊಂಡಂತೆ ಹಸಿರುಮನೆ ಕಟ್ಟಿ, ಅಲ್ಲಿ ಕಾದ ಗಾಳಿಯನ್ನು ಬಾಗಿಲು, ಕಿಟಕಿಗಳ ಮೂಲಕ ಒಳಗೆ ಬಿಟ್ಟುಕೊಳ್ಳುತ್ತಾರೆ.

ಲಡಾಖಿನ ಪ್ರಯೋಗ

ಭಾರತದಲ್ಲಿ ಈ ವಿನ್ಯಾಸದ ನಿಜವಾದ ಪರೀಕ್ಷೆ ನಡೆದದ್ದು ಲಡಾಖಿನಲ್ಲಿ. ಸುಮಾರು 3,500 ಮೀಟರ್ ಎತ್ತರದ ಲೇಹ್‌ನಲ್ಲಿ ಚಳಿಗಾಲದ ರಾತ್ರಿ ಉಷ್ಣತೆ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ಗೂ ಇಳಿಯುವುದುಂಟು. ಮಳೆ ಬಲು ಕಡಿಮೆ, ಮರ ವಿರಳ, ಆಕಾಶ ಮಾತ್ರ ವರ್ಷದ ಬಹುಪಾಲು ನಿಚ್ಚಳ. ಸಗಣಿ, ಸೌದೆಯ ಒಲೆಯ ಹೊಗೆಯಲ್ಲಿ ಚಳಿಗಾಲ ಕಳೆಯುತ್ತಿದ್ದ ಜನರಿಗೆ ಬಿಸಿಲೇ ಕೈಗೆಟುಕುವ ಇಂಧನ. ಲಡಾಖ್ ಪರಿಸರ ಅಭಿವೃದ್ಧಿ ಗುಂಪು 1980ರ ದಶಕದಲ್ಲಿ ಟ್ರೋಂಬ್ ಗೋಡೆಯನ್ನು ಅಲ್ಲಿನ ಮಣ್ಣಿನ ಮನೆಗಳಿಗೆ ಹೊಂದಿಸಿ ಪ್ರಚಾರ ಮಾಡಿತು. ಸೋನಂ ವಾಂಗ್‌ಚುಕ್ ಮತ್ತು ಸಂಗಡಿಗರು 1988ರಲ್ಲಿ ಆರಂಭಿಸಿದ ಸೆಕ್‌ಮಾಲ್ ಸಂಸ್ಥೆಯ ಫೇ ಗ್ರಾಮದ ಆವರಣದಲ್ಲಿ ಗೋಡೆಗಳು ಗುದ್ದಿ ಗಟ್ಟಿಮಾಡಿದ ಮಣ್ಣಿನವು. ಚಳಿಗಾಲದಲ್ಲಿ ಕಟ್ಟಡದ ದಕ್ಷಿಣಕ್ಕೆ ಪ್ಲಾಸ್ಟಿಕ್ ಹಾಳೆಯ ಹಸಿರುಮನೆ ಇಳಿಬಿಟ್ಟು, ಬೇಸಿಗೆ ಬಂದಾಗ ಸುತ್ತಿ ತೆಗೆಯುತ್ತಾರೆ. ಹೊರಗೆ ನೀರು ಹೆಪ್ಪುಗಟ್ಟಿರುವಾಗ ಅದರೊಳಗೆ ಸೊಪ್ಪು, ತರಕಾರಿ ಬೆಳೆಯುತ್ತದೆ. ಶೇ ಗ್ರಾಮದ ಡ್ರುಕ್ ವೈಟ್ ಲೋಟಸ್ ಶಾಲೆಯಲ್ಲೂ ಟ್ರೋಂಬ್ ಗೋಡೆಗಳಿವೆ.

ಕರ್ನಾಟಕದಲ್ಲಿ ಅನ್ವಯ

ಕರ್ನಾಟಕದ ಸೂರ್ಯನ ಲೆಕ್ಕ ಬೇರೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ಅವನು ನಡುನೆತ್ತಿಗೆ ಬರುತ್ತಾನೆ. ಆ ನಡುವಿನ ದಿನಗಳಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲೂ 53 ಡಿಗ್ರಿಗಿಂತ ಎತ್ತರದಲ್ಲಿರುವುದರಿಂದ ಅದೇ 60 ಸೆಂ.ಮೀ. ಸಜ್ಜಾ ದಕ್ಷಿಣದ ಕಿಟಕಿಯ ಮೇಲಿನ 81 ಸೆಂ.ಮೀ.ಗೆ ನೆರಳು ಕೊಡುತ್ತದೆ. ಇಲ್ಲಿನ ಮನೆಗೆ ಶಾಖ ಸುರಿಯುವುದು ಮುಖ್ಯವಾಗಿ ತಾರಸಿ ಮತ್ತು ಪಶ್ಚಿಮದ ಗೋಡೆಯಿಂದ. ಸಂಜೆಯ ಓರೆ ಬಿಸಿಲನ್ನು ಸಜ್ಜಾ ತಡೆಯಲಾರದು. ಪಶ್ಚಿಮಕ್ಕೆ ಬಚ್ಚಲು, ಮೆಟ್ಟಿಲು, ಉಗ್ರಾಣ ಇಡುವುದು, ಮರ ಬೆಳೆಸುವುದು, ಜಾಲಂದ್ರ ಕಟ್ಟುವುದು ಸರಿಯಾದ ದಾರಿ. ತಾರಸಿಗೆ ಬಿಳಿ ಸುಣ್ಣ ಅಥವಾ ಬಿಳಿ ಹೆಂಚಿನ ಚೂರು ಹೊದಿಸಿದರೆ ಬಿಸಿಲಿನ ದೊಡ್ಡ ಪಾಲು ಪ್ರತಿಫಲಿಸುತ್ತದೆ.

ರಾಯಚೂರು, ಕಲಬುರಗಿಯಂಥ ಒಣಹವೆಯ ಊರುಗಳಲ್ಲಿ ದಪ್ಪ ಗೋಡೆಯ ಮಾಳಿಗೆ ಮನೆಗೆ ಹಗಲಿನ ಕಾವನ್ನು ತಡೆಹಿಡಿಯುವ ಶಕ್ತಿಯಿದೆ. ಗವಾಕ್ಷಿಯಿಂದ ಬೆಳಕು ಬರುತ್ತದೆ, ಬಿಸಿಗಾಳಿ ಹೊರಹೋಗುತ್ತದೆ. ಹಗಲಿಗೂ ರಾತ್ರಿಗೂ ಉಷ್ಣತೆಯ ಅಂತರ ಕಡಿಮೆಯಿರುವ ಕರಾವಳಿಯಲ್ಲಿ ದಪ್ಪ ಗೋಡೆಯಿಂದ ಲಾಭ ಸ್ವಲ್ಪವೇ. ಅಲ್ಲಿ ಎದುರುಬದುರು ಕಿಟಕಿ, ಅಗಲ ಜಗುಲಿ, ಹೆಂಚಿನ ಮಾಡು ಬೇಕು. ಟ್ರೋಂಬ್ ಗೋಡೆಯ ಸೂತ್ರವನ್ನೇ ತಂಪಿಗೆ ತಿರುಗಿಸಿದ ಉದಾಹರಣೆ ಬೆಂಗಳೂರಿನ ದೊಮ್ಮಲೂರಿನ ಟೆರಿ ಸಂಶೋಧನಾ ಸಂಸ್ಥೆಯ ಕಟ್ಟಡ: ದಕ್ಷಿಣದ ಜೋಡಿಗೋಡೆಯ ಹೊರಮೈಯ ಕಪ್ಪು ಕಡಪ ಕಲ್ಲು ಕಾದಾಗ ನಡುವಿನ ಗಾಳಿ ಮೇಲೇರಿ, ಉತ್ತರದ ಕಡೆಯಿಂದ ಗಾಳಿಯನ್ನು ಕಟ್ಟಡದೊಳಕ್ಕೆ ಎಳೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ಅಭಿವೃದ್ಧಿಪಡಿಸಿದ, ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಸುಡಬೇಕಿಲ್ಲವಾದ್ದರಿಂದ ಕಟ್ಟುವ ಹಂತದಲ್ಲೇ ಇಂಧನ ಉಳಿಯುತ್ತದೆ.

ನಿಯಮ ಮತ್ತು ಮಿತಿ

ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ವಾಸದ ಕಟ್ಟಡಗಳಿಗಾಗಿ ‘ಇಕೊ ನಿವಾಸ್ ಸಂಹಿತೆ’ ಹೊರಡಿಸಿತು. ಶೀತ ವಲಯವನ್ನು ಬಿಟ್ಟು ಉಳಿದೆಡೆ, ಚಾವಣಿ ಹೊರತಾದ ಹೊರಮೈಯಿಂದ ಒಳಬರುವ ಶಾಖದ ಪ್ರಮಾಣ ಚದರ ಮೀಟರಿಗೆ 15 ವ್ಯಾಟ್ ಮೀರಬಾರದು ಎಂಬುದು ಅದರ ಮುಖ್ಯ ಅಳತೆ. ಮೂವತ್ತು–ನಲವತ್ತು ಅಡಿಯ ನಗರ ನಿವೇಶನದಲ್ಲಿ ದಿಕ್ಕಿನ ಆಯ್ಕೆ ಮಾಲೀಕರ ಕೈಯಲ್ಲಿರುವುದಿಲ್ಲ. ಪಕ್ಕದ ಮನೆಯ ಗೋಡೆ ಗಾಳಿ, ಬೆಳಕು ಎರಡನ್ನೂ ತಡೆಯುತ್ತದೆ. ಅಂಥಲ್ಲೂ ತಾರಸಿ, ಪಶ್ಚಿಮದ ಗೋಡೆ, ಕಿಟಕಿಯ ನೆರಳು ಈ ಮೂರನ್ನು ಸರಿಪಡಿಸಲು ಅಡ್ಡಿಯಿಲ್ಲ. ಬಿಸಿಲು ಬರಗೊಡಬೇಕಾದ ಲಡಾಖಿನ ಗಾಜಿನ ಮುಂಭಾಗವನ್ನು ಬಿಸಿಲು ತಡೆಯಬೇಕಾದ ಬೆಂಗಳೂರಿನಲ್ಲಿ ನಕಲು ಮಾಡುವುದು ವಿದ್ಯುತ್ ಬಿಲ್ಲನ್ನು ಏರಿಸುವ ವಿನ್ಯಾಸದೋಷ. ಮನೆ ಕಟ್ಟಿಸುವವರು ನಕ್ಷೆಗೆ ಒಪ್ಪಿಗೆ ಕೊಡುವ ಮೊದಲು ತಮ್ಮ ನಿವೇಶನದ ಮೇಲೆ ಏಪ್ರಿಲ್ ಮತ್ತು ಡಿಸೆಂಬರಿನ ಬಿಸಿಲು ಎಲ್ಲಿ ಬೀಳುತ್ತದೆಂದು ವಾಸ್ತುಶಿಲ್ಪಿಯಿಂದ ಗುರುತು ಹಾಕಿಸಿಕೊಳ್ಳಬೇಕು.