ವಿದ್ಯೆಗೆ ವಾಸದ ಲೆಕ್ಕ

1956ನೆಯ ಇಸವಿ ನವೆಂಬರ್ 1ರಂದು ಹಂಚಿಹೋಗಿದ್ದ ಕನ್ನಡನಾಡು ಒಂದಾಯಿತು. ಆ ಸುದಿನವನ್ನು ನಾವು ಹೊರನಾಡಿನಲ್ಲಿದ್ದುಕೊಂಡೇ ವರ್ಷವರ್ಷವೂ ಆಚರಿಸುತ್ತೇವೆ. "ನೀವು ಯಾವ ರಾಜ್ಯದವರು?" ಎಂಬ ಪ್ರಶ್ನೆಗೆ ಉತ್ಸವದ ಸಭೆಯಲ್ಲಿ ಉತ್ತರ ಸುಲಭ. ಅದೇ ಪ್ರಶ್ನೆ ಕಾಲೇಜಿನ ಅರ್ಜಿಯಲ್ಲಿಯೋ ವಿದ್ಯಾರ್ಥಿವೇತನದ ಫಾರಮ್ಮಿನಲ್ಲಿಯೋ ಬಂದಾಗ ನಮ್ಮ ಮಕ್ಕಳು ತಡವರಿಸುತ್ತಾರೆ. ಸಂವಿಧಾನ ನಮಗೆ ಕೊಟ್ಟಿರುವುದು ಒಂದೇ ಪೌರತ್ವ. ಆದರೆ ವಿದ್ಯೆಯ ಖರ್ಚನ್ನು ಹೊರುವ ಸರಕಾರಗಳು ಹಲವು. ಇವೆರಡರ ನಡುವಣ ತಿಕ್ಕಾಟದ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುವುದು ಈ ಲೇಖನದ ಉದ್ದೇಶ.

ವಾಸದ ವರ್ಷಗಳನ್ನು ಎಣಿಸುವ ಪದ್ಧತಿ ಸ್ವಾತಂತ್ರ್ಯಕ್ಕಿಂತ ಹಳೆಯದು. ಹೈದರಾಬಾದ್ ಸಂಸ್ಥಾನದಲ್ಲಿ 1919ರ ಫರ್ಮಾನಿನಿಂದ ಬಂದ ಮುಲ್ಕಿ ನಿಯಮಗಳ ಪ್ರಕಾರ, ಹೊರಗಿನಿಂದ ಬಂದವನು ಸರಕಾರಿ ನೌಕರಿಗೆ ಅರ್ಹನಾಗಬೇಕಾದರೆ 15 ವರ್ಷ ಅಲ್ಲಿ ವಾಸಿಸಿರಬೇಕಾಗಿತ್ತು; ಮೇಲಾಗಿ, ಹಿಂದಿನ ಊರಿಗೆ ಮರಳುವ ವಿಚಾರವನ್ನು ಬಿಟ್ಟಿರುವೆನೆಂದು ಪ್ರಮಾಣಪೂರ್ವಕ ಬರೆದುಕೊಡಬೇಕಾಗಿತ್ತು. ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರು ಆಗ ಮುಲ್ಕಿಗಳೇ. 1956ರಲ್ಲಿ ಆ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. 1957ರ ಕೇಂದ್ರ ಶಾಸನದ ಮೇರೆಗೆ ತೆಲಂಗಾಣದ ನೌಕರಿಗಳಿಗೆ ತೆಲಂಗಾಣದ ವಾಸವೇ ಅಳತೆಯಾದಾಗ, ನಿನ್ನೆಯ ಮುಲ್ಕಿ ಹೈದರಾಬಾದಿನಲ್ಲಿ ಪರಸ್ಥಳದವನಾದ. ಆ ಕಟ್ಟಳೆಯನ್ನು ಸುಪ್ರೀಂ ಕೋರ್ಟು 1969ರಲ್ಲಿ ಅಸಿಂಧುವೆಂದಿತು. ಆದರೆ ವಾಸದ ಲೆಕ್ಕ ಅಳಿಯಲಿಲ್ಲ. 1974ರ ರಾಷ್ಟ್ರಪತಿಗಳ ಆಜ್ಞೆಯು ಆಂಧ್ರಪ್ರದೇಶದ ಕಾಲೇಜುಗಳಲ್ಲಿ ನೂರಕ್ಕೆ 85 ಸ್ಥಾನಗಳನ್ನು ಸ್ಥಳೀಯ ವಿದ್ಯಾರ್ಥಿಗಳಿಗೆ ಇಟ್ಟು, ಸ್ಥಳೀಯತೆಗೆ 4 ವರ್ಷಗಳ ಸತತ ವ್ಯಾಸಂಗವನ್ನು ಮುಖ್ಯ ಅಳತೆಯನ್ನಾಗಿ ಮಾಡಿತು.

ಫೀಜಿನ ಪ್ರಶ್ನೆ ಇದಕ್ಕೂ ಮೊದಲೇ ನ್ಯಾಯಾಲಯದ ಮೆಟ್ಟಿಲೇರಿತ್ತು. ಇಂದೂರಿನ ಮಹಾತ್ಮಾ ಗಾಂಧಿ ಸ್ಮಾರಕ ವೈದ್ಯಕೀಯ ಕಾಲೇಜಿನಲ್ಲಿ ಮಧ್ಯಭಾರತದ ನಿವಾಸಿಗಳಿಗೆ ಕ್ಯಾಪಿಟೇಶನ್ ಫೀಜಿನಿಂದ ವಿನಾಯಿತಿ ಇತ್ತು. ಹೊರಗಿನವರು ಅದನ್ನು ತೆರಬೇಕಾಗಿತ್ತು. ದಿಲ್ಲಿಯ ವಿದ್ಯಾರ್ಥಿಯೊಬ್ಬ ಇದನ್ನು ಪ್ರಶ್ನಿಸಿದ. ಸಂವಿಧಾನದ 15ನೆಯ ಅನುಚ್ಛೇದವು ನಿಷೇಧಿಸುವುದು ಜನ್ಮಸ್ಥಳದ ಆಧಾರದ ಭೇದವನ್ನು. ವಾಸಸ್ಥಳವೇ ಬೇರೆ, ಜನ್ಮಸ್ಥಳವೇ ಬೇರೆ ಎಂದು ಸುಪ್ರೀಂ ಕೋರ್ಟು 1955ರಲ್ಲಿ ಬಹುಮತದಿಂದ ತೀರ್ಪಿತ್ತಿತು. ತನ್ನ ಬೊಕ್ಕಸದಿಂದ ಕಾಲೇಜು ನಡೆಸುವ ರಾಜ್ಯ ತನ್ನ ನಿವಾಸಿಗಳ ಭಾರವನ್ನು ಹಗುರಮಾಡಿದರೆ ಅದು ಅನ್ಯಾಯವಲ್ಲವೆಂಬುದು ಅದರ ತಾತ್ಪರ್ಯ. ನ್ಯಾಯಮೂರ್ತಿ ಜಗನ್ನಾಥದಾಸರು ಮಾತ್ರ ಭಿನ್ನಮತ ಬರೆದರು.

ಇಂಥ ಕಟ್ಟಳೆ ಪರರಾಜ್ಯಗಳಲ್ಲಿ ಮಾತ್ರವೇ ಇತ್ತೆಂದು ನಾವು ತಿಳಿಯಬಾರದು. ವೈದ್ಯಕೀಯ ವ್ಯಾಸಂಗಕ್ಕೆ ಸೇರಲು ರಾಜ್ಯದಲ್ಲಿ 10 ವರ್ಷ ವಾಸಿಸಿರಬೇಕೆಂಬ ಮೈಸೂರು ಸರಕಾರದ ನಿಯಮವನ್ನೂ ಸುಪ್ರೀಂ ಕೋರ್ಟು 1971ರಲ್ಲಿ ಎತ್ತಿಹಿಡಿಯಿತು.

ಗಾಳಿ ಸ್ವಲ್ಪ ತಿರುಗಿದ್ದು 1984ರಲ್ಲಿ. ಪ್ರದೀಪ್ ಜೈನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಭಾರತೀಯರಿಗೆ ಇರುವುದು ಭಾರತದ ಡೊಮಿಸೈಲ್ ಒಂದೇ, ರಾಜ್ಯಕ್ಕೊಂದು ಡೊಮಿಸೈಲ್ ಎಂಬುದಿಲ್ಲ ಎಂದು ಸಾರಿತು. ಆದರೂ ಎಂ.ಬಿ.ಬಿ.ಎಸ್. ಮಟ್ಟದಲ್ಲಿ ವಾಸದ ಆಧಾರದ ಮೀಸಲಾತಿಯನ್ನು ಅದು ಪೂರ್ತಿ ತೆಗೆಯದೆ ಮಿತಿಗೊಳಪಡಿಸಿತು. ಸ್ನಾತಕೋತ್ತರ ವೈದ್ಯಕೀಯ ವ್ಯಾಸಂಗದಲ್ಲಿ ಅಂಥ ಮೀಸಲಾತಿ ಸಲ್ಲದೆಂಬುದನ್ನು 2025ರ ಜನವರಿಯ ತೀರ್ಪು ಮತ್ತೆ ದೃಢಪಡಿಸಿತು.

ಇವೆಲ್ಲಕ್ಕಿಂತ ಕಠಿನವಾದ ಪಾಡು ಪರಿಶಿಷ್ಟ ಜಾತಿ, ಪಂಗಡಗಳ ವಲಸೆಗಾರರದು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಕೊಡತಕ್ಕದ್ದು ವಿದ್ಯಾರ್ಥಿ ಯಾವ ರಾಜ್ಯಕ್ಕೆ ಸೇರಿದವನೋ ಆ ರಾಜ್ಯ. ಓದಲೆಂದೋ ದುಡಿಯಲೆಂದೋ ವಲಸೆ ಬಂದವನು ಮೂಲರಾಜ್ಯದಿಂದಲೇ ಸೌಲಭ್ಯ ಪಡೆಯಬೇಕು, ಬಂದು ನೆಲೆಸಿದ ರಾಜ್ಯದಿಂದ ಅಲ್ಲವೆಂದು 1985ರಲ್ಲಿ ಕೇಂದ್ರ ಗೃಹಖಾತೆ ಸುತ್ತೋಲೆ ಹೊರಡಿಸಿತು. ಆಂಧ್ರದ ತೆನಾಲಿಯಲ್ಲಿ ಹುಟ್ಟಿ, ತಂದೆಯ ನೌಕರಿಯ ನಿಮಿತ್ತ ಎಳವೆಯಲ್ಲಿಯೇ ಮುಂಬಯಿಗೆ ಬಂದು ಅಲ್ಲಿಯೇ ಓದಿದ ಹುಡುಗನೊಬ್ಬ ಪರಿಶಿಷ್ಟ ಪಂಗಡದ ವೈದ್ಯಕೀಯ ಸ್ಥಾನ ಕೇಳಿದ. ಆಂಧ್ರದ ಪಟ್ಟಿಯಲ್ಲಿದ್ದ ಅವನ ಪಂಗಡ ಮಹಾರಾಷ್ಟ್ರದ ಪಟ್ಟಿಯಲ್ಲಿರಲಿಲ್ಲ. ಪಟ್ಟಿಗಳು ಆಯಾ ರಾಜ್ಯಕ್ಕೆ ಮಾತ್ರ ಸಂಬಂಧಿಸಿದವು ಎಂದು ಸಂವಿಧಾನಪೀಠ 1990ರಲ್ಲಿ ತೀರ್ಮಾನಿಸಿತು. ಅವನ ಶಾಲೆ, ಗೆಳೆಯರು, ಮನೆ ಎಲ್ಲವೂ ಮುಂಬಯಿಯಲ್ಲಿದ್ದವು; ಹಕ್ಕು ಮಾತ್ರ ತೆನಾಲಿಯಲ್ಲಿ ಉಳಿದಿತ್ತು.

ರಾಜ್ಯಗಳ ವಾದದಲ್ಲಿ ಹುರುಳಿಲ್ಲವೆಂದಲ್ಲ. ಹಿಂದುಳಿದ ಪ್ರದೇಶದ ಮಕ್ಕಳಿಗೆ ರಕ್ಷಣೆ ಬೇಕು. ಕಲ್ಯಾಣ ಕರ್ನಾಟಕಕ್ಕೆ 371ಜೆ ಅನುಚ್ಛೇದ ದೊರೆತಾಗ ಸಂತೋಷಪಟ್ಟವರು ನಾವೇ. ಆದರೆ ಹೊರನಾಡಿನಲ್ಲಿ ದುಡಿಯುವವನೂ ಆ ರಾಜ್ಯಕ್ಕೆ ತೆರಿಗೆ ಕೊಡುತ್ತಾನೆ. ನೆಲೆಸಿದ ರಾಜ್ಯ "ನೀನು ನಮ್ಮವನಲ್ಲ" ಎಂದು, ಮೂಲರಾಜ್ಯ "ನೀನು ಇಲ್ಲಿ ಓದಿಲ್ಲ" ಎಂದು ಹೇಳಿದರೆ ಮಗು ಹೋಗುವುದೆಲ್ಲಿಗೆ? ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದ ನಿಯಮಗಳು ರಾಜ್ಯದಲ್ಲಿ 7 ವರ್ಷದ ವ್ಯಾಸಂಗ ಕೇಳಿದರೂ, ಕಾಸರಗೋಡು, ಅಕ್ಕಲಕೋಟೆ, ಜತ್ತ ಮೊದಲಾದ ಗಡಿ ತಾಲ್ಲೂಕುಗಳ ಕನ್ನಡಿಗರಿಗೆ ಬೇರೊಂದು ಬಾಗಿಲನ್ನು ತೆರೆದಿಟ್ಟಿವೆ. ಒಂದು ಲೆಕ್ಕದಲ್ಲಿ ಬಿಟ್ಟುಹೋದ ಮಗುವನ್ನು ಇನ್ನೊಂದು ಲೆಕ್ಕದಲ್ಲಿ ಹಿಡಿಯಬಹುದೆಂಬುದಕ್ಕೆ ಇದೇ ನಿದರ್ಶನ. ಇಂಥ ಏರ್ಪಾಡು ದೇಶಕ್ಕೆಲ್ಲ ಬೇಕು: ಯಾವ ಮಗುವೂ ಎರಡು ಪಟ್ಟಿಗಳಿಂದಲೂ ಹೊರಗುಳಿಯಬಾರದು.

ಅಲ್ಲಿಯವರೆಗೆ ಸಂಘಗಳು ಮಾಡಬಹುದಾದ ಕೆಲಸ ಸಣ್ಣದೇನಲ್ಲ. ಜನನಪತ್ರ, ಶಾಲೆಯ ದಾಖಲೆ, ರೇಶನ್ ಕಾರ್ಡುಗಳನ್ನು ಮಗು ಶಾಲೆಗೆ ಸೇರಿದ ದಿನದಿಂದಲೇ ಜೋಪಾನ ಮಾಡಿರೆಂದು ಹೊಸದಾಗಿ ಬಂದ ಸಂಸಾರಗಳಿಗೆ, ವಿಶೇಷವಾಗಿ ಕೂಲಿಕಾರರಿಗೆ, ಹೇಳಿಕೊಡಬೇಕು. ಅರ್ಜಿಯ ಕಾಲದಲ್ಲಿ ನಿಯಮ ತಿಳಿದವರೊಬ್ಬರು ಸಂಘದ ಕಚೇರಿಯಲ್ಲಿ ಕುಳಿತಿರಬೇಕು. ಯಾವ ಸರಕಾರದ ಲೆಕ್ಕಕ್ಕೂ ಸಿಗದ ವಿದ್ಯಾರ್ಥಿಗೆ ಸಂಘದ ನಿಧಿಯಲ್ಲಿ ಮೊದಲ ಪಾಲಿರಬೇಕು. ಉತ್ಸವದ ದೀಪಗಳ ನಡುವೆ ಈ ಕೆಲಸ ಮರೆಯದಿರಲಿ.