ನೀರು ಕುಡದರ ಎಲ್ಲಿ ಹೋಗೂದು? ಹೆಂಗಸರ ಉರಿಮೂತ್ರದ ಒಂದು ಚರಿತ್ರೆ

ಗಜೇಂದ್ರಗಡ ಅಂದ ಕೂಡಲೇ ಚರಿತ್ರೆಯ ಪುಸ್ತಕಗಳು ಎರಡು ಸಂಗತಿ ಹೇಳಿ ಸುಮ್ಮನಾಗುತ್ತವೆ. ಒಂದು, ಗುಡ್ಡದ ಮೇಲಿನ ಘೋರ್ಪಡೆಯವರ ಕೋಟೆ. ಇನ್ನೊಂದು, ೧೭೮೭ರಲ್ಲಿ ಟಿಪ್ಪುವಿಗೂ ಮರಾಠರಿಗೂ ಇಲ್ಲಿ ಆದ ಒಪ್ಪಂದ. ಆ ಕೋಟೆಯ ಕೆಳಗೆ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಪಟ್ಟೆದಂಚಿನ ಸೀರೆ ನೇಯ್ದವರು, ಕಂಡಿಕೆ ಸುತ್ತಿದವರು, ರೋಣ ನರಗುಂದದ ಎರಿಹೊಲದಾಗ ಕಳೆ ತೆಗೆದವರು, ಇವರ ಮೈಯೊಳಗೆ ನಡೆದದ್ದಕ್ಕೆ ಯಾವ ರಾಜನೂ ಶಾಸನ ಕೆತ್ತಿಸಲಿಲ್ಲ. ಅದರಲ್ಲೂ ಇದು ಉಚ್ಚೆಯ ವಿಷಯ. ಹೆಸರು ಎತ್ತಿದರೆ ಸಭ್ಯರು ಮೂಗು ಮುರೀತಾರೆ. ಮುರಿಯಲಿ. ಈ ಸಲ ನಾವು ಅದನ್ನೇ ಬರೆಯಲು ಕೂತಿದ್ದೇವೆ.

ಕಾಲ್ಮಡಿಯುವಾಗ ಬೆಂಕಿ ಇಟ್ಟಂಥ ಉರಿ. ಹೋಗಿ ಬಂದರೂ ಮತ್ತೆ ಅವಸರ, ಬಿದ್ದರೆ ನಾಲ್ಕೇ ಹನಿ. ಕಿಬ್ಬೊಟ್ಟೆಯಲ್ಲಿ ನೋವು, ಒಮ್ಮೊಮ್ಮೆ ರಕ್ತ. ನಮ್ಮ ಅವ್ವಂದಿರು ಇದಕ್ಕೆ ‘ಕಾವಾಗೇದ’ ಅಂದರು, ಡಾಕ್ಟರರು ಮೂತ್ರನಾಳದ ಸೋಂಕು ಅನ್ನುತ್ತಾರೆ. ಅರ್ಧಕ್ಕರ್ಧ ಹೆಂಗಸರಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಬರುವ ಬೇನೆ ಇದು. ಕಾರಣ ಮೈಯ ರಚನೆಯಲ್ಲಿದೆ. ಹೊರಗಿನಿಂದ ಮೂತ್ರಕೋಶದವರೆಗೆ ಗಂಡಸಿಗೆ ಸುಮಾರು ೨೦ ಸೆಂಟಿಮೀಟರು ಹಾದಿ, ಹೆಂಗಸಿಗೆ ಬರೀ ೪. ಎಲ್ಲರ ಕರುಳಿನಲ್ಲೂ ಬದುಕುವ ಒಂದು ಸೂಕ್ಷ್ಮಜೀವಿ ಆ ಗಿಡ್ಡ ಹಾದಿ ಹಿಡಿದು ಮೇಲೇರುತ್ತದೆ. ಅದನ್ನು ೧೮೮೫ರಲ್ಲಿ ಗುರುತಿಸಿದವನು ಮ್ಯೂನಿಕ್ಕಿನಲ್ಲಿದ್ದ ಮಕ್ಕಳ ವೈದ್ಯ ಥಿಯೊಡೋರ್ ಎಶೆರಿಶ್. ಅವನ ಹೆಸರೇ ಇವತ್ತು ಇ. ಕೋಲೈ ಆಗಿ ಲ್ಯಾಬಿನ ಚೀಟಿಯ ಮೇಲೆ ಬರುತ್ತದೆ. ಇದು ನಡತೆಗೆಟ್ಟವರ ರೋಗವಲ್ಲ. ಗಂಡನ ಜೊತೆ ಮಲಗಿದ ಮೇಲೆ ಕೆಲವರಿಗೆ ಬರುವುದುಂಟು, ಹೊಸದಾಗಿ ಮದುವೆಯಾದವರಿಗೆ ಹೆಚ್ಚು. ಅಷ್ಟಕ್ಕೇ ಸೊಸೆಯ ಮೇಲೆ ಅನುಮಾನಪಡುವ ಮನೆಗಳಿವೆ ಎಂದು ಇಷ್ಟು ಬಿಚ್ಚಿ ಹೇಳುತ್ತಿದ್ದೇವೆ.

ನಮ್ಮ ಹಳೆಯ ವೈದ್ಯ ಇದನ್ನು ಅರಿಯದೆ ಇರಲಿಲ್ಲ. ಚರಕ, ಸುಶ್ರುತ ಇಬ್ಬರೂ ಮೂತ್ರಕೃಚ್ಛ್ರದಲ್ಲಿ ಎಂಟು ಬಗೆ ಎಣಿಸಿದರು. ಚರಕ ಸಂಹಿತೆ ಕೊಡುವ ಕಾರಣಗಳನ್ನು ಓದಿ ನೋಡಿ: ಅತಿ ವ್ಯಾಯಾಮ, ಕಡು ಮದ್ಯ, ಕುಣಿತ, ವೇಗವಾಗಿ ಓಡುವ ಪ್ರಾಣಿಯ ಮೇಲಿನ ಸವಾರಿ. ಯಾರ ಮೈಯನ್ನು ಎದುರಿಗಿಟ್ಟುಕೊಂಡು ಬರೆದ ಪಟ್ಟಿ ಇದು? ಕುದುರೆ ಇದ್ದವನದು. ಕಸ ಹೊಡೆದವಳದಂತೂ ಅಲ್ಲ. ಆದರೂ ಅದೇ ಗ್ರಂಥದಲ್ಲಿ ನಾವು ಒಪ್ಪುವ ಮಾತೊಂದಿದೆ. ಮೂತ್ರದ ವೇಗ ತಡೆಯಬಾರದು, ತಡೆದರೆ ಬಸ್ತಿಯಲ್ಲಿ ನೋವು, ಮೂತ್ರ ಕಟ್ಟಿ ಕಟ್ಟಿ ಬರುವುದು, ತಲೆನೋವು ಎಂದು ಅದು ಎಚ್ಚರಿಸುತ್ತದೆ. ಸರಿಯಾದ ಮಾತು. ಆದರೆ ತಡೆಯದೆ ಎಲ್ಲಿಗೆ ಹೋಗಬೇಕು ಅನ್ನುವುದು ಶಾಸ್ತ್ರದ ಚಿಂತೆಯಾಗಿರಲಿಲ್ಲ.

ಊರ ಮದ್ದು ಬೇರೆ ದಾರಿ ಹಿಡಿಯಿತು. ಹೊಲದ ಬದುವಿನಲ್ಲಿ ಕಾಲಿಗೆ ಚುಚ್ಚುವ ನೆಗ್ಗಿನಮುಳ್ಳನ್ನು ಕುದಿಸಿ ಕುಡಿಸಿದರು. ಪಂಡಿತರು ಅದನ್ನೇ ಗೋಕ್ಷುರ ಅಂದರು, ಹಕೀಮರು ಖಾರೆಖಸಕ್ ಅಂದರು. ಮೂವರ ಕೈಯಲ್ಲೂ ಒಂದೇ ಮುಳ್ಳು! ಹಕೀಮರು ಸೌತೆಬೀಜ ಅರೆದು ಕೊಟ್ಟರು, ಮನೆಯಲ್ಲಿ ಕೊತ್ತಂಬರಿಕಾಳು ನೆನೆಸಿದ ನೀರು, ಮಜ್ಜಿಗೆ, ಎಳನೀರು. ಇವುಗಳಿಂದ ಸೋಂಕು ಸಾಯುತ್ತದೆ ಎಂದು ನಾವು ಹೇಳುವುದಿಲ್ಲ. ಆದರೆ ಈ ಮದ್ದುಗಳೆಲ್ಲದರಲ್ಲೂ ಒಂದು ಗುಟ್ಟಿದೆ: ಎಲ್ಲವೂ ನೀರು ಕುಡಿಸುವ ಉಪಾಯ. ನೀರು ಹೆಚ್ಚಾದರೆ ಉಚ್ಚೆ ತೆಳುವಾಗುತ್ತದೆ, ಉರಿ ತಗ್ಗುತ್ತದೆ, ಕ್ರಿಮಿ ಒಂದಷ್ಟು ಕೊಚ್ಚಿ ಹೋಗುತ್ತದೆ.

ಇಂಗ್ಲಿಷ್ ಔಷಧದ ಕಥೆ ಇನ್ನೂ ತಿರುವಿನದು. ೧೮೯೦ರ ದಶಕದಲ್ಲಿ ಹೆಕ್ಸಮಿನ್ ಬಂತು. ಹುಳಿ ಮೂತ್ರದಲ್ಲಿ ಅದು ಒಡೆದು ಫಾರ್ಮಾಲ್ಡಿಹೈಡ್ ಆಗಿ ಕ್ರಿಮಿಗಳನ್ನು ಕೊಲ್ಲುತ್ತದೆ. ೧೯೩೫ರಲ್ಲಿ ಡೋಮಾಕ್‌ನ ಸಲ್ಫಾ ಔಷಧ ಬಂದ ಮೇಲೆ ಹೆಕ್ಸಮಿನ್ ಹಿಂದೆ ಬಿತ್ತು. ೧೯೫೩ರಲ್ಲಿ ನೈಟ್ರೊಫ್ಯುರಾಂಟಾಯಿನ್, ಎಂಬತ್ತರ ದಶಕಕ್ಕೆ ನಾರ್‌ಫ್ಲಾಕ್ಸಸಿನ್. ಪ್ರತಿಸಲವೂ ಹೊಸ ಗುಳಿಗೆ ಬಂದಾಗ ಹಳೆಯದನ್ನು ಮೂಲೆಗೆ ಒಗೆದರು. ಎರಡು ಗುಳಿಗೆ ನುಂಗಿ ಉರಿ ನಿಂತೊಡನೆ ಬಿಡುವುದು, ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಳ್ಳುವುದು, ಎಲ್ಲಕ್ಕೂ ಸೂಜಿ ಚುಚ್ಚುವುದು ನಡೆದೇ ಇತ್ತು. ಫಲವಾಗಿ ನಮ್ಮ ದೇಶದಲ್ಲಿ ನಾರ್‌ಫ್ಲಾಕ್ಸಸಿನ್ ಜಾತಿಯ ಗುಳಿಗೆಗಳಿಗೆ ಇ. ಕೋಲೈ ಬಹಳ ಕಡೆ ಜಗ್ಗುವುದೇ ಇಲ್ಲ. ಆ ೧೯೫೩ರ ಅಗ್ಗದ ನೈಟ್ರೊಫ್ಯುರಾಂಟಾಯಿನ್ ಮಾತ್ರ ಮೂತ್ರಕೋಶದ ಸೋಂಕಿಗೆ ಇನ್ನೂ ಕೆಲಸ ಮಾಡುತ್ತಿದೆ. ಸಾಮಾನ್ಯವಾಗಿ ಐದು ದಿನ, ಡಾಕ್ಟರರು ಬರೆದಂತೆ. ಸೋಂಕು ಕಿಡ್ನಿಗೆ ಏರಿದರೆ ಅದು ಸಾಲದು. ಮೂಲೆಗೆ ಬಿದ್ದಿದ್ದ ಹೆಕ್ಸಮಿನ್ನಿನ ವಂಶದ ಗುಳಿಗೆಯೂ ತಿರುಗಿ ಬಂದಿದೆ. ೨೦೨೨ರಲ್ಲಿ ಬ್ರಿಟನ್ನಿನಲ್ಲಿ ಮೇಲಿಂದ ಮೇಲೆ ಸೋಂಕು ಬರುತ್ತಿದ್ದ ೨೪೦ ಹೆಂಗಸರಲ್ಲಿ ಅದನ್ನು ದಿನನಿತ್ಯದ ಆಂಟಿಬಯೋಟಿಕ್ ಜೊತೆ ಹೋಲಿಸಿದಾಗ, ಸೋಂಕು ತಡೆಯುವುದರಲ್ಲಿ ಹೇಳಿಕೊಳ್ಳುವಷ್ಟು ಹಿಂದೆ ಬೀಳಲಿಲ್ಲ.

ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿ ಗೆಳೆಯರು ಗಮನಿಸಬೇಕು. ೧೯೫೬ರಲ್ಲಿ ಬೋಸ್ಟನ್ನಿನ ಎಡ್ವರ್ಡ್ ಕಾಸ್ ಒಂದು ಲೆಕ್ಕ ಮುಂದಿಟ್ಟರು: ಒಂದು ಮಿಲಿಲೀಟರು ಮೂತ್ರದಲ್ಲಿ ಒಂದು ಲಕ್ಷ ಸೂಕ್ಷ್ಮಜೀವಿ ಬೆಳೆದರೆ ಸೋಂಕು ನಿಜ. ಒಳ್ಳೆಯ ಲೆಕ್ಕವೇ. ಅದರಿಂದಲೇ, ಉರಿಯಿಲ್ಲದಿದ್ದರೂ ಬಸುರಿಯ ಮೂತ್ರ ಪರೀಕ್ಷೆ ಮಾಡಬೇಕು, ಸೋಂಕಿದ್ದರೆ ಗುಣಪಡಿಸಬೇಕು ಎಂಬ ತಿಳುವಳಿಕೆ ಗಟ್ಟಿಯಾಯಿತು. ಆದರೆ ಲಕ್ಷವೆಂಬ ಅಂಕಿ ಗಡಿಯಾಗಿ ನಿಂತುಬಿಟ್ಟಿತು. ಉರಿಯಿಂದ ಒದ್ದಾಡುತ್ತಿದ್ದವಳ ಮೂತ್ರದಲ್ಲಿ ಸಾವಿರ ಸಿಕ್ಕರೆ, ನಿನಗೇನೂ ಆಗಿಲ್ಲ ಎಂದು ಕಳಿಸಿದರು. ಉರಿ ಇದ್ದವರಲ್ಲಿ ನೂರೇ ಇದ್ದರೂ ಅದು ಸೋಂಕು ಇರಬಹುದು ಎಂದು ಸ್ಟಾಮ್ ಮತ್ತು ಸಂಗಡಿಗರು ತೋರಿಸಿದ್ದು ೧೯೮೨ರಲ್ಲಿ. ನಡುವಿನ ಇಪ್ಪತ್ತಾರು ವರ್ಷ ಹೆಣ್ಣಿನ ಮಾತಿಗಿಂತ ಅಂಕಿಯ ಮಾತಿಗೇ ತೂಕ.

ಈಚೆಗೆ ಎರಡು ಪ್ರಯೋಗ ನಡೆದವು. ೨೦೧೫ರಲ್ಲಿ ಜರ್ಮನಿಯಲ್ಲಿ ಕೆಲವರಿಗೆ ಆಂಟಿಬಯೋಟಿಕ್, ಕೆಲವರಿಗೆ ಬರೀ ನೋವಿನ ಗುಳಿಗೆ ಕೊಟ್ಟು ನೋಡಿದರು. ನೋವಿನ ಗುಳಿಗೆ ತಿಂದವರಲ್ಲಿ ಮೂವರಲ್ಲಿ ಇಬ್ಬರು ಆಂಟಿಬಯೋಟಿಕ್ ಇಲ್ಲದೆಯೇ ಗುಣವಾದರು. ಆದರೆ ಅವರು ಅನುಭವಿಸಿದ ಉರಿ ಹೆಚ್ಚು, ಸೋಂಕು ಕಿಡ್ನಿಗೆ ಏರಿದವರೂ ಆ ಗುಂಪಿನಲ್ಲೇ ಹೆಚ್ಚು. ಏರಿದರೆ ಓಡಲು ಆಸ್ಪತ್ರೆ ಹತ್ತಿರ ಇರುವವರ ಪ್ರಯೋಗ ಅದು. ೨೦೧೮ರಲ್ಲಿ ಪ್ರಕಟವಾದ ಇನ್ನೊಂದು ಬಲ್ಗೇರಿಯದ್ದು. ಮತ್ತೆ ಮತ್ತೆ ಸೋಂಕು ಬರುತ್ತಿದ್ದ, ಕಡಿಮೆ ನೀರು ಕುಡಿಯುತ್ತಿದ್ದ ೧೪೦ ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರು ನೀರು ಹೆಚ್ಚಿಗೆ ಕುಡಿಸಿದರು. ವರ್ಷದಲ್ಲಿ ಅವರಿಗೆ ಸರಾಸರಿ ೧.೭ ಸಲ ಸೋಂಕು, ಉಳಿದವರಿಗೆ ೩.೨ ಸಲ. ಬಾಟಲಿ ನೀರು ಮಾರುವ ಕಂಪನಿಯೊಂದರ ದುಡ್ಡಿನಿಂದ ನಡೆದದ್ದು ಅನ್ನುವುದನ್ನು ಮರೆಯಬಾರದು. ಆದರೂ ಲೆಕ್ಕ ಲೆಕ್ಕವೇ. ಕೊತ್ತಂಬರಿಕಾಳು ನೆನೆಸಿ ಕುಡಿಸಿದ ಮುದುಕಿಗೂ ಈ ಪ್ರಯೋಗಕ್ಕೂ ದೂರ ಬಹಳ ಇಲ್ಲ.

ಹಾಗಾದರೆ ಹೆಚ್ಚು ನೀರು ಕುಡಿಯಿರಿ ಎಂದು ಗಜೇಂದ್ರಗಡದಲ್ಲಿ ಹೇಳಿದರೆ ಮುಗಿಯಿತೇ? ಹೇಳಿ ನೋಡಿದ್ದೇವೆ. “ಯಪ್ಪಾ, ನೀರು ಕುಡದರ ಎಲ್ಲಿ ಹೋಗೂದು?” ಅಂತ ಹೊಲದಿಂದ ಬಂದವಳು ಕೇಳಿದಳು. ಎರಿಹೊಲ ಅಂಗೈಯಂಗ ಬಯಲು. ಮರ ಇಲ್ಲ, ಕಲ್ಲಿಲ್ಲ, ಬೆಳೆ ಮೊಣಕಾಲು ದಾಟೋತನಕ ಮರೆಯಿಲ್ಲ. ಗಂಡಸು ಬದುವಿನ ಕಡೆ ತಿರುಗಿ ನಿಂತರೆ ಆಯ್ತು, ಅವಳು ಸೂರ್ಯ ಮುಳುಗೋತನಕ ಬಿಗಿಹಿಡಿಯಬೇಕು. ಅದಕ್ಕೇ ಅವಳು ಬಾಯಾರಿಕೆಯನ್ನೇ ಕೊಂದುಕೊಂಡಿದ್ದಾಳೆ. ಮಗ್ಗದವಳ ಪಾಡು ಬೇರೆ ನಮೂನಿ. ಕುಣಿಯಿಂದ ಎದ್ದಷ್ಟು ಸಲ ಲಾಳಿ ನಿಲ್ಲುತ್ತದೆ, ಲಾಳಿ ನಿಂತರೆ ಕೂಲಿ ನಿಲ್ಲುತ್ತದೆ. ೨೦೧೪ರಿಂದ ಮನೆಮನೆಗೆ ಸಂಡಾಸ ಕಟ್ಟಿಸಿದರು, ಒಳ್ಳೆಯದಾಯಿತು. ಆದರೆ ಹಗಲೆಲ್ಲಾ ಅವಳಿರುವುದು ಮನೆಯಲ್ಲಲ್ಲ. ಬೇಸಗೆಯಲ್ಲಿ ಆ ಸಂಡಾಸಿಗೆ ನೀರು ಹೊರುವವಳೂ ಅವಳೇ. ಊರ ಬಾವಿಗೆ ಕೈ ಹಚ್ಚಗೊಡದ ಕಾಲದಲ್ಲಿ ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಕುಡಿಯುವ ಕೊಡವೂ ಯಾರೋ ಮನಸ್ಸು ಮಾಡಿ ಹೊಯ್ದರೆ ಉಂಟು. ೧೯೨೭ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಯ ನೀರು ಮುಟ್ಟಿದ್ದು ಇದಕ್ಕೂ ಸಂಬಂಧಪಟ್ಟದ್ದೇ.

೧೯೪೮ರ ಕಾರ್ಖಾನೆ ಕಾಯ್ದೆ ಹೆಂಗಸರಿಗೆ ಬೇರೆ ಮೂತ್ರಖಾನೆ ಇರಬೇಕೆಂದಿತು. ಹೊಲ ಕಾರ್ಖಾನೆಯಲ್ಲ, ಮನೆಯೊಳಗಿನ ಮಗ್ಗವೂ ಅಲ್ಲ. ಕೇರಳದ ಕೋಳಿಕ್ಕೋಡಿನಲ್ಲಿ ಬಟ್ಟೆ ಅಂಗಡಿಯ ಹೆಣ್ಣುಮಕ್ಕಳು ಹೀಗೇ ನೀರು ಕುಡಿಯದೆ ದಿನ ದೂಡುತ್ತಿದ್ದರು. ಪಿ. ವಿಜಿ ಎಂಬ ದರ್ಜಿ ಹೆಣ್ಣುಮಗಳ ಮುಂದಾಳತ್ವದಲ್ಲಿ ಅವರು ಮೊದಲು ಕೇಳಿದ್ದು ಮೂತ್ರಖಾನೆ, ಆಮೇಲೆ ಕೂಡುವ ಹಕ್ಕು. ಕೂಡುವ ಹಕ್ಕಿಗಾಗಿ ಕೇರಳ ಸರ್ಕಾರ ೨೦೧೮ರಲ್ಲಿ ಅಂಗಡಿ ಕಾಯ್ದೆಯನ್ನೇ ತಿದ್ದಿತು. ಅವರು ಗುಳಿಗೆ ಕೇಳಲಿಲ್ಲ, ಜಾಗ ಕೇಳಿದರು.

ಗುಳಿಗೆ ಬೇಡ ಎಂದು ನಾವು ಹೇಳುತ್ತಿಲ್ಲ, ಯಾರೂ ಹಾಗೆ ತಿಳಿಯಬಾರದು. ಉರಿಯ ಜೊತೆ ಚಳಿಜ್ವರ, ಪಕ್ಕೆಯ ಹಿಂದೆ ನೋವು, ವಾಂತಿ ಇದ್ದರೆ, ಬಸುರಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ ಮುಳ್ಳಿನ ಕಷಾಯ ಕುದಿಸುತ್ತ ಕೂಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಮತ್ತೆ ಮತ್ತೆ ಬರುತ್ತಿದ್ದರೆ ಗುಳಿಗೆಗೆ ಮುಂಚೆ ಮೂತ್ರದ ಕಲ್ಚರ್ ಪರೀಕ್ಷೆ ಕೇಳಿ. ಅದಕ್ಕೆ ಎರಡು ದಿನ ಬೇಕು, ಎರಡು ದಿನದ ಕೂಲಿಯೂ ಹೋಗಬಹುದು, ಬಲ್ಲೆವು.

ಹಳ್ಳಿಯ ಮಾಸ್ತರರು, ಅಕ್ಕೋರು ಈ ಪತ್ರಿಕೆ ಓದುತ್ತಾರೆ. ಎಲ್ಲ ಶಾಲೆಯಲ್ಲೂ ಶೌಚಾಲಯ ಇರಬೇಕೆಂದು ಸುಪ್ರೀಂ ಕೋರ್ಟು ೨೦೧೨ರಲ್ಲಿ ಹೇಳಿತು. ನಿಮ್ಮ ಶಾಲೆಯಲ್ಲಿ ಹುಡುಗಿಯರು ಎಷ್ಟು, ಬಾಗಿಲು ಚಿಲಕ ನೀರು ಮೂರೂ ಇರುವ ಶೌಚಾಲಯ ಎಷ್ಟು, ಅದರ ಕೀಲಿ ಯಾರ ಹತ್ತಿರ ಇರುತ್ತದೆ, ಹತ್ತು ಗಂಟೆಯಿಂದ ನಾಲ್ಕೂವರೆತನಕ ಒಬ್ಬ ಹುಡುಗಿ ಎಷ್ಟು ಲೋಟ ನೀರು ಕುಡಿಯುತ್ತಾಳೆ, ಕೇಳಿ ಬರೆದು ಕಳಿಸಿರಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಮಾಡುತ್ತೇವೆ.